ಪ್ಲಾಟಿನಂ ಜಾಗಕ್ಕೆ ಕಬ್ಬಿಣ: ಅರವತ್ತು ವರ್ಷದ ಹುಡುಕಾಟ

ಇವತ್ತಿನ ಎಪಿಸೋಡ್ ಶುರುವಾಗೋದು ಒಂದು ತೊಗರಿ ಗಿಡದಿಂದ.

ನಾನು ಕರಜಗಿಯವನು. ಕಲಬುರಗಿ ಜಿಲ್ಲೆ, ಅಫಜಲಪುರ ತಾಲೂಕು. ಭೀಮಾ ನದಿಯ ಸೀಮೆ, ಕಪ್ಪು ಎರೆ ಮಣ್ಣು, ಎತ್ತ ನೋಡಿದ್ರೂ ತೊಗರಿ. ಮುಂಗಾರಿಗೆ ಬಿತ್ತಿದ ತೊಗರಿ ಶ್ರಾವಣದ ಹೊತ್ತಿಗೆ ಸಾಕಷ್ಟು ಎದ್ದಿರುತ್ತೆ. ಆಗ ಒಂದು ಗಿಡವನ್ನ ಬೇರು ಸಮೇತ ಮೆಲ್ಲಗೆ ಕಿತ್ತು, ಮಣ್ಣು ಕೊಡವಿ ನೋಡಿ. ಬೇರಿಗೆ ಸಣ್ಣ ಸಣ್ಣ ಗಂಟುಗಳು ಅಂಟಿಕೊಂಡಿರ್ತವೆ. ಒಂದನ್ನ ಉಗುರಲ್ಲಿ ಸೀಳಿದ್ರೆ ಒಳಗೆ ತಿಳಿಗೆಂಪು. ಸಣ್ಣವರಿದ್ದಾಗ ನಾವು ಹುಡುಗರು "ಗಿಡಕ್ಕೂ ರಕ್ತ ಇರ್ತದೇನಲೇ" ಅಂತ ಮಾತಾಡ್ಕೊಳ್ತಿದ್ವಿ.

ಆ ಮಾತು ಪೂರ್ತಿ ತಪ್ಪಲ್ಲ ಅಂತ ಗೊತ್ತಾಗಿದ್ದು ಬಹಳ ವರ್ಷ ಆದಮೇಲೆ. ಆ ಕೆಂಪು ಬಣ್ಣದ ವಸ್ತುವಿನ ಹೆಸರು ಲೆಗ್‌ಹೀಮೋಗ್ಲೋಬಿನ್. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ದಾಯಾದಿ. ಎರಡರ ನಡುಮಧ್ಯದಲ್ಲೂ ಕೂತಿರೋದು ಒಂದು ಕಬ್ಬಿಣದ ಪರಮಾಣು. ಸುತ್ತ ನಾಲ್ಕು ನೈಟ್ರೋಜನ್ ಪರಮಾಣುಗಳು ಅದನ್ನ ಕೈಹಿಡಿದು ಕೂರಿಸಿಕೊಂಡಿವೆ. ಅದರ ಕೆಲಸ ಆಮ್ಲಜನಕವನ್ನ ಹಿಡಿಯೋದು, ಬೇಕಾದಾಗ ಬಿಡೋದು.

ಕಬ್ಬಿಣ ಒಂದು, ನೈಟ್ರೋಜನ್ ನಾಲ್ಕು. ಇದನ್ನ ನೆನಪಿಟ್ಕೊಳ್ಳಿ. ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಾಲಯಗಳು ಅರವತ್ತು ವರ್ಷದಿಂದ ಪ್ಲಾಟಿನಂ ಬದಲಿಗೆ ಒಂದು ಅಗ್ಗದ ಲೋಹ ಹುಡುಕುತ್ತಾ ಹೋಗಿ, ಕೊನೆಗೆ ಬಂದು ನಿಂತಿದ್ದು ಇದೇ ಜೋಡಣೆಯ ಮುಂದೆ. ಇವತ್ತು ಹೇಳೋದು ಆ ಹುಡುಕಾಟದ ಕಥೆ.

ಮೊದಲು ಫ್ಯುಯೆಲ್ ಸೆಲ್ ಅಂದ್ರೆ ಏನು ಅಂತ ಎರಡು ಮಾತಲ್ಲಿ ಹೇಳಿಬಿಡ್ತೀನಿ. ಬ್ಯಾಟರಿ ತನ್ನೊಳಗಿನ ಸರಕು ಮುಗಿದ ಮೇಲೆ ಚಾರ್ಜ್ ಕೇಳುತ್ತೆ. ಫ್ಯುಯೆಲ್ ಸೆಲ್ ಹಾಗಲ್ಲ, ಅದು ಒಲೆ ಇದ್ದ ಹಾಗೆ. ಇಂಧನ ಹಾಕ್ತಾ ಇದ್ರೆ ನಡೀತಾ ಇರುತ್ತೆ. ಒಂದು ಕಡೆಯಿಂದ ಹೈಡ್ರೋಜನ್, ಇನ್ನೊಂದು ಕಡೆಯಿಂದ ಗಾಳಿಯ ಆಮ್ಲಜನಕ. ಇವೆರಡೂ ಬೆಂಕಿ ಇಲ್ಲದೆ ಸೇರಿ ನೀರಾಗುತ್ತವೆ, ಸೇರುವ ದಾರಿಯಲ್ಲಿ ಕರೆಂಟ್ ಕೊಡುತ್ತವೆ. ಹೊಗೆ ಇಲ್ಲ, ಸದ್ದು ಕಡಿಮೆ.

ಹೈಡ್ರೋಜನ್ ಕಡೆಯ ಕೆಲಸ ಸಲೀಸು. ತೊಂದರೆ ಇರೋದು ಆಮ್ಲಜನಕದ ಕಡೆ. ಎರಡು ಆಮ್ಲಜನಕ ಪರಮಾಣುಗಳು ಒಂದಕ್ಕೊಂದು ಗಟ್ಟಿಯಾಗಿ ಹಿಡಿದುಕೊಂಡಿರ್ತವೆ. ಅವನ್ನ ಬಿಡಿಸಿ, ನಾಲ್ಕು ಎಲೆಕ್ಟ್ರಾನ್ ಕೊಟ್ಟು ನೀರು ಮಾಡಬೇಕು. ತಾನಾಗಿಯೇ ಇದು ತೀರಾ ನಿಧಾನ. ನಡುವೆ ಒಬ್ಬ ಮಧ್ಯಸ್ಥ ಬೇಕು. ತಾನು ಖರ್ಚಾಗದೆ ಕೆಲಸ ಚುರುಕು ಮಾಡುವ ಆ ಮಧ್ಯಸ್ಥನೇ ಕ್ಯಾಟಲಿಸ್ಟ್, ನಮ್ಮ ಪಠ್ಯಪುಸ್ತಕದ ವೇಗವರ್ಧಕ. ಕಾರಿನ ಫ್ಯುಯೆಲ್ ಸೆಲ್‌ನಲ್ಲಿ ಆ ಜಾಗದಲ್ಲಿ ಕೂತಿರೋದು ಪ್ಲಾಟಿನಂ.

ಪ್ಲಾಟಿನಂ ಈ ಕಥೆಯೊಳಗೆ ಬಂದಿದ್ದು ಮೊದಲ ದಿನವೇ. 1839ರಲ್ಲಿ ವೇಲ್ಸ್‌ನ ವಿಲಿಯಂ ಗ್ರೋವ್, ವೃತ್ತಿಯಿಂದ ವಕೀಲ, ಮುಂದೆ ನ್ಯಾಯಾಧೀಶ, ಪ್ಲಾಟಿನಂ ಪಟ್ಟಿಗಳನ್ನ ಗಂಧಕಾಮ್ಲದಲ್ಲಿ ಅದ್ದಿ, ಒಂದಕ್ಕೆ ಹೈಡ್ರೋಜನ್, ಇನ್ನೊಂದಕ್ಕೆ ಆಮ್ಲಜನಕ ತಾಗಿಸಿ ಕರೆಂಟ್ ಹರಿಯೋದನ್ನ ಕಂಡ. 1842ರಲ್ಲಿ ಇಂಥ 50 ಕೋಶಗಳನ್ನ ಸಾಲಾಗಿ ಜೋಡಿಸಿ ಅದಕ್ಕೆ ಅನಿಲ ಬ್ಯಾಟರಿ ಅಂತ ಹೆಸರಿಟ್ಟ. ಅಲ್ಲಿಗೆ ಪ್ಲಾಟಿನಂ ತನ್ನ ಕುರ್ಚಿ ಹಾಕ್ಕೊಂಡು ಕೂತುಬಿಡ್ತು.

ಆ ಕುರ್ಚಿಯನ್ನ ಮೊದಲು ಗಂಭೀರವಾಗಿ ಅಲುಗಾಡಿಸಿದವನು ಫ್ರಾನ್ಸಿಸ್ ಥಾಮಸ್ ಬೇಕನ್ ಅನ್ನೋ ಇಂಗ್ಲಿಷ್ ಇಂಜಿನಿಯರ್. ಅವನು 1930ರ ದಶಕದಲ್ಲೇ ಈ ಕೆಲಸಕ್ಕೆ ಕೈಹಾಕಿದ್ದ. ಅವನ ಯೋಚನೆ ಸರಳ: ಆಮ್ಲದಲ್ಲಿ ಅಗ್ಗದ ಲೋಹ ಕರಗಿ ಹೋಗುತ್ತೆ, ಹಾಗಾದ್ರೆ ಆಮ್ಲವನ್ನೇ ಬಿಟ್ಟು ಕ್ಷಾರ ಬಳಸೋಣ. ಕ್ಷಾರದಲ್ಲಿ ನಿಕಲ್ ಗಟ್ಟಿಯಾಗಿ ನಿಲ್ಲುತ್ತೆ. 1959ರಲ್ಲಿ ಅವನು 5 ಕಿಲೋವ್ಯಾಟ್‌ನ ಕ್ಷಾರದ ಫ್ಯುಯೆಲ್ ಸೆಲ್ ಮಾಡಿ ತೋರಿಸಿದ. ಅದರ ವಿದ್ಯುದ್ವಾರಗಳು ನಿಕಲ್‌ನವು. ಅದೇ ವರ್ಷ ಅಮೆರಿಕದಲ್ಲಿ ಆಲಿಸ್-ಚಾಮರ್ಸ್ ಕಂಪನಿ 1008 ಸಣ್ಣ ಕೋಶಗಳನ್ನ ಜೋಡಿಸಿದ ಫ್ಯುಯೆಲ್ ಸೆಲ್ ಟ್ರ್ಯಾಕ್ಟರ್ ಮಾಡಿ ಹೊಲ ಉಳಿಸಿತ್ತು. ಹೌದು, ಟ್ರ್ಯಾಕ್ಟರ್! ನಾವಿನ್ನೂ ಹುಟ್ಟೋ ಮೊದಲು, ನಮ್ಮ ಅಪ್ಪಂದಿರು ಎತ್ತಿನ ಹಿಂದೆ ನಡೀತಿದ್ದ ಕಾಲದಲ್ಲಿ.

ಬೇಕನ್‌ನ ತಂತ್ರ ಅಪೊಲೊ ನೌಕೆಗಳಲ್ಲಿ ಚಂದ್ರನ ತನಕ ಹೋಯ್ತು. ಗಗನಯಾತ್ರಿಗಳಿಗೆ ಕರೆಂಟ್ ಕೊಟ್ಟಿದ್ದೂ ಅದೇ, ಕುಡಿಯೋ ನೀರು ಕೊಟ್ಟಿದ್ದೂ ಅದೇ. ಹಾಗಾದ್ರೆ 1969ಕ್ಕೇ ಪ್ಲಾಟಿನಂ ಕಥೆ ಮುಗೀಬೇಕಿತ್ತಲ್ವಾ? ಮುಗಿಯಲಿಲ್ಲ. ಯಾಕೆ ಅಂತ ನಮ್ಮೂರ ಗೋಡೆ ನೋಡಿದ್ರೆ ತಿಳಿಯುತ್ತೆ.

ಹಬ್ಬಕ್ಕೆ ಗೋಡೆಗೆ ಹಸಿ ಸುಣ್ಣ ಬಳೀತೀವಿ. ಕೆಲ ದಿನ ಕಳೆದ ಮೇಲೆ ಅದು ಗಟ್ಟಿಯಾಗಿ ಕಲ್ಲಿನ ಪೊರೆ ಥರ ಕೂರುತ್ತೆ. ಸುಣ್ಣ ಒಂದು ಕ್ಷಾರ. ಅದು ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡ್ ಕುಡಿದು ಕಾರ್ಬೋನೇಟ್ ಆಗುತ್ತೆ. ಬೇಕನ್‌ನ ಕ್ಷಾರದ ಸೆಲ್‌ಗೂ ಇದೇ ಗತಿ. ಚಂದ್ರನ ದಾರಿಯಲ್ಲಿ ಸಿಲಿಂಡರ್‌ನಲ್ಲಿ ತುಂಬಿದ ಶುದ್ಧ ಆಮ್ಲಜನಕ ಇತ್ತು, ಚಿಂತೆ ಇರಲಿಲ್ಲ. ಅದೇ ಸೆಲ್ ಅಫಜಲಪುರದ ರಸ್ತೆಯಲ್ಲಿ ಓಡಬೇಕು ಅಂದ್ರೆ ಗಾಳಿಯನ್ನೇ ಉಸಿರಾಡಬೇಕು. ಗಾಳಿ ಬಂದ್ರೆ ಕಾರ್ಬೋನೇಟ್ ಕಟ್ಟುತ್ತೆ, ಸಣ್ಣ ರಂಧ್ರಗಳು ಮುಚ್ಚಿಹೋಗುತ್ತವೆ.

ಈ ನಡುವೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಇನ್ನೊಂದು ದಾರಿ ತೆರೆದಿತ್ತು. ದ್ರವದ ಬದಲು ತೆಳ್ಳನೆ ಪ್ಲಾಸ್ಟಿಕ್ ಹಾಳೆಯಂಥ ಪೊರೆ. 1965ರಲ್ಲಿ ಜೆಮಿನಿ 5 ನೌಕೆಯಲ್ಲಿ ಇಂಥ ಸೆಲ್ ಹಾರಿತು. ಗಾಳಿಯ ಕಾರ್ಬನ್ ಡೈಆಕ್ಸೈಡ್‌ಗೆ ಇದು ಹೆದರಲ್ಲ. ಇವತ್ತಿನ ಹೈಡ್ರೋಜನ್ ಕಾರು, ಬಸ್ಸುಗಳ ಮುತ್ತಜ್ಜ ಇದೇ. ಆದ್ರೆ ಈ ಪೊರೆ ಆಮ್ಲದ ಗುಣದ್ದು. ಅಂದ್ರೆ ಮತ್ತೆ ಪ್ಲಾಟಿನಂ.

ಪ್ಲಾಟಿನಂನಲ್ಲಿ ಅಂಥದ್ದೇನಿದೆ? ಇದನ್ನ ಬಸ್ ಕಂಡಕ್ಟರ್ ಉದಾಹರಣೆ ಇಟ್ಟು ಹೇಳ್ತೀನಿ. ಒಳ್ಳೆ ಕಂಡಕ್ಟರ್ ಜನರನ್ನ ಹತ್ತಿಸಿಕೊಳ್ಳಬೇಕು, ಅವರ ಸ್ಟಾಪ್ ಬಂದಾಗ ಇಳಿಸಲೂಬೇಕು. ಬಂಗಾರ ಅನ್ನೋ ಬಸ್ಸು ಆಮ್ಲಜನಕ ಕೈ ಮಾಡಿದ್ರೂ ನಿಲ್ಲಿಸೋದೇ ಇಲ್ಲ. ಬರಿ ಕಬ್ಬಿಣದ ಬಸ್ಸು ಎಲ್ಲರನ್ನೂ ಹತ್ತಿಸಿಕೊಳ್ಳುತ್ತೆ, ಯಾರನ್ನೂ ಇಳಿಸಲ್ಲ. ಆ ಇಳಿಯದ ಆಮ್ಲಜನಕಕ್ಕೇ ನಾವು ತುಕ್ಕು ಅನ್ನೋದು. ಪ್ಲಾಟಿನಂ ಮಾತ್ರ ಹತ್ತಿಸಿ, ಹದವಾಗಿ ಹಿಡಿದು, ನೀರು ಮಾಡಿ ಇಳಿಸುತ್ತೆ. 2004ರಲ್ಲಿ ಡೆನ್ಮಾರ್ಕ್‌ನ ಜೆನ್ಸ್ ನೋರ್ಸ್ಕೊವ್ ಮತ್ತು ಸಂಗಡಿಗರು ಕಂಪ್ಯೂಟರ್ ಲೆಕ್ಕದಲ್ಲಿ ಇದನ್ನ ತೋರಿಸಿದ್ರು. ಯಾವ ಲೋಹ ಆಮ್ಲಜನಕವನ್ನ ಎಷ್ಟು ಬಿಗಿ ಹಿಡಿಯುತ್ತೆ ಅಂತ ಗೆರೆ ಎಳೆದ್ರೆ ಒಂದು ಗುಡ್ಡದ ಆಕಾರ ಬರುತ್ತೆ. ತುದಿಯ ಹತ್ತಿರ ಕೂತಿರೋದು ಪ್ಲಾಟಿನಂ.

ತೊಂದರೆ ಏನಂದ್ರೆ, ಜಗತ್ತಿನ ಗಣಿಗಳಿಂದ ಬರೋ ಪ್ಲಾಟಿನಂನ ಸುಮಾರು 70 ಪ್ರತಿಶತ ಒಂದೇ ದೇಶದ್ದು, ದಕ್ಷಿಣ ಆಫ್ರಿಕಾದ್ದು. ನಮ್ಮ ರಾಜ್ಯದಲ್ಲೂ ಚನ್ನಗಿರಿ ತಾಲೂಕಿನ ಹನುಮಲಾಪುರದ ಬಂಡೆಗಳಲ್ಲಿ ಪ್ಲಾಟಿನಂ ಗುಂಪಿನ ಲೋಹಗಳ ಕುರುಹು ಸಿಕ್ಕಿದೆ. ಆದ್ರೆ ಕುರುಹು ಬೇರೆ, ಗಣಿ ಬೇರೆ. ಅದೇ ಕಬ್ಬಿಣ ಅಂದ್ರೆ ಸಂಡೂರು, ಬಳ್ಳಾರಿ ಗುಡ್ಡಗಳೇ ಕಣ್ಮುಂದೆ ಇವೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಂಗಾಗಿತ್ತು ಕಬ್ಬಿಣದ ಪಾಡು.

ಆ ಹಿತ್ತಲ ಗಿಡದ ಕಡೆ ತಿರುಗಿ ನೋಡುವ ಹಾಗೆ ಮಾಡಿದ್ದು 1964ರ ಒಂದು ಪುಟ್ಟ ಲೇಖನ. ರೇಮಂಡ್ ಜಾಸಿನ್ಸ್ಕಿ ಅನ್ನೋ ವಿಜ್ಞಾನಿ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದು. ಅವನು ಬಳಸಿದ ವಸ್ತು ಕೋಬಾಲ್ಟ್ ಥಾಲೊಸಯನಿನ್. ಹೆಸರು ಕೇಳಿ ಗಾಬರಿ ಬೇಡ. ಇದರ ತಾಮ್ರದ ಅಣ್ಣನನ್ನ ನೀವು ದಿನಾ ನೋಡ್ತೀರಿ. ಬಣ್ಣದ ಡಬ್ಬಿಯಲ್ಲಿ, ಪ್ರಿಂಟಿಂಗ್ ಇಂಕಿನಲ್ಲಿ ಇರೋ ಗಾಢ ನೀಲಿ ಅದೇ. ತಾಮ್ರದ ಜಾಗದಲ್ಲಿ ಕೋಬಾಲ್ಟ್ ಕೂರಿಸಿದ್ರೆ ಅದು ಕ್ಷಾರದಲ್ಲಿ ಆಮ್ಲಜನಕದ ಕೆಲಸ ಮಾಡುತ್ತೆ ಅಂತ ಅವನು ತೋರಿಸಿದ. ಆ ಬಣ್ಣದ ಒಳಗಿನ ರಚನೆ ಏನು ಗೊತ್ತಾ? ನಡುವೆ ಒಂದು ಲೋಹ, ಸುತ್ತ ನಾಲ್ಕು ನೈಟ್ರೋಜನ್. ತೊಗರಿ ಬೇರಿನ ಗಂಟಿನಲ್ಲಿ ಇದ್ದಿದ್ದೇ!

ಕಾರಣ ಊಹಿಸೋದು ಕಷ್ಟವಲ್ಲ. ಒಂಟಿ ಕಬ್ಬಿಣ ಆಮ್ಲಜನಕ ಕಂಡ್ರೆ ಬಿಡದೆ ತಬ್ಬಿಕೊಳ್ಳುತ್ತೆ. ನಾಲ್ಕು ಕಡೆಯಿಂದ ನೈಟ್ರೋಜನ್ ಕೈಹಿಡಿದಾಗ ಅದರ ಆತುರ ಕಡಿಮೆಯಾಗಿ ಹದಕ್ಕೆ ಬರುತ್ತೆ. ನಮ್ಮ ಮೈಯ ಜೀವಕೋಶಗಳಲ್ಲಿ, ಉಸಿರಾಟದ ಕಟ್ಟಕಡೆಯ ಹಂತದಲ್ಲಿ, ಆಮ್ಲಜನಕವನ್ನ ನೀರು ಮಾಡೋದು ಇಂಥ ಕಬ್ಬಿಣ ಮತ್ತು ತಾಮ್ರ ಇರೋ ಒಂದು ಕಿಣ್ವವೇ. ನೀವು ಇದನ್ನ ಕೇಳ್ತಾ ಇರೋ ಈ ಕ್ಷಣದಲ್ಲೂ ಅದು ಕೆಲಸ ಮಾಡ್ತಿದೆ, ಒಂದು ಚೂರು ಪ್ಲಾಟಿನಂ ಇಲ್ಲದೆ.

ಆದ್ರೆ ನೀಲಿ ಬಣ್ಣದ ಅಣು ಆಮ್ಲದಲ್ಲಿ ಬೇಗ ಒಡೆದು ಹೋಗ್ತಿತ್ತು. 1970ರ ದಶಕದಲ್ಲಿ ಜರ್ಮನಿಯ ಸಂಶೋಧಕರು ಅದನ್ನ ಇದ್ದಿಲ ಪುಡಿಯ ಜೊತೆ ಸೇರಿಸಿ, ಗಾಳಿ ತಾಗದ ಹಾಗೆ ಚೆನ್ನಾಗಿ ಕಾಯಿಸಿದ್ರು. ಹಾಳಾಗಬೇಕಿದ್ದ ವಸ್ತು ಮೊದಲಿಗಿಂತ ಗಟ್ಟಿಯಾಯ್ತು. ಕಬ್ಬಿಣ ಕಾದಾಗ ಬಡಿ ಅನ್ನೋ ಮಾತು ಇಲ್ಲಿ ಬೇರೆ ರೀತಿಯಲ್ಲಿ ನಿಜ ಆಯ್ತು.

1989ರಲ್ಲಿ ಅಮೆರಿಕದ ಅರ್ನೆಸ್ಟ್ ಯೇಗರ್ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ದುಬಾರಿ ಬಣ್ಣದ ಅಣು ಯಾಕೆ ಬೇಕು? ಅಗ್ಗದ ಕಬ್ಬಿಣ ಅಥವಾ ಕೋಬಾಲ್ಟ್ ಉಪ್ಪು, ನೈಟ್ರೋಜನ್ ಇರೋ ಯಾವುದಾದ್ರೂ ಪಾಲಿಮರ್, ಇಂಗಾಲ. ಮೂರನ್ನೂ ಸೇರಿಸಿ ಕಾಯಿಸಿದ್ರೆ ಸಾಕು, ಆ ಜೋಡಣೆ ಬೆಂಕಿಯಲ್ಲಿ ತಾನೇ ಕಟ್ಟಿಕೊಳ್ಳುತ್ತೆ ಅಂತ ತೋರಿಸಿದ್ರು. ಅಲ್ಲಿಂದ ಮುಂದೆ ಇದು ಪಾಕವಿಧಾನದ ಕಥೆ. ಯಾವ ಸಾಮಾನು, ಎಷ್ಟು ಉರಿ, ಎಷ್ಟು ಹೊತ್ತು.

ನಮ್ಮ ಬೆಂಗಳೂರು ಈ ಕಥೆಯೊಳಗೆ ಬರೋದು ಇದೇ ದಾರಿಯಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಎ.ಕೆ. ಶುಕ್ಲಾ ದಶಕಗಳ ಕಾಲ ಫ್ಯುಯೆಲ್ ಸೆಲ್ ಮೇಲೆ ಕೆಲಸ ಮಾಡಿದವರು. ಮುಂದೆ ಕಾರೈಕುಡಿಯ ಕೇಂದ್ರೀಯ ವಿದ್ಯುತ್ ರಸಾಯನ ಸಂಶೋಧನಾ ಸಂಸ್ಥೆಯ ನಿರ್ದೇಶಕರೂ ಆದರು. 2003ರಲ್ಲಿ ಅವರು ಆರ್.ಕೆ. ರಾಮನ್ ಜೊತೆ ಬರೆದ ಒಂದು ಪ್ರಬಂಧ ಇದೆ. ಹೈಡ್ರೋಜನ್ ಬದಲು ಮೆಥನಾಲ್ ಹಾಕುವ ಸೆಲ್ ಅದರ ವಿಷಯ. ಹೈಡ್ರೋಜನ್ ಅನಿಲವನ್ನ ಸಾಗಿಸೋದು, ಕೂಡಿಡೋದು ಕಷ್ಟ. ಮೆಥನಾಲ್ ಸೀಮೆಎಣ್ಣೆ ಥರ ಕ್ಯಾನಿನಲ್ಲಿ ತರಬಹುದು. ಆದ್ರೆ ಮೆಥನಾಲ್ ಪೊರೆ ದಾಟಿ ಆಮ್ಲಜನಕದ ಕಡೆಗೆ ಸೋರುತ್ತೆ. ಅಲ್ಲಿ ಕೂತ ಪ್ಲಾಟಿನಂ ಆಮ್ಲಜನಕದ ಜೊತೆ ಮೆಥನಾಲನ್ನೂ ಸುಡೋಕೆ ಹೋಗಿ ಕೆಲಸ ಕೆಡಿಸುತ್ತೆ. ಕಬ್ಬಿಣ, ಕೋಬಾಲ್ಟ್‌ನ ನೈಟ್ರೋಜನ್ ಜೋಡಣೆಗಳು ಮೆಥನಾಲ್ ಕಡೆ ತಿರುಗಿಯೂ ನೋಡಲ್ಲ. ಇಂಥ ಮೆಥನಾಲ್‌ಗೆ ಜಗ್ಗದ ಕ್ಯಾಟಲಿಸ್ಟ್‌ಗಳ ಲೆಕ್ಕವನ್ನೇ ಆ ಪ್ರಬಂಧ ಒಂದೆಡೆ ತಂದಿಟ್ಟಿತು. ನನಗೆ ಇದರಲ್ಲಿ ಇಷ್ಟವಾಗೋದು ಒಂದು ವಿಷಯ. ಕಬ್ಬಿಣವನ್ನ ಬರಿ ಬಡವರ ಪ್ಲಾಟಿನಂ ಅಂತ ನೋಡಬೇಕಿಲ್ಲ. ಕೆಲವು ಕೆಲಸಕ್ಕೆ ಅದೇ ಮೇಲು.

ಆಮೇಲೆ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. 2009ರಲ್ಲಿ ಕೆನಡಾದ ಜಾಂ-ಪೋಲ್ ದೋದಲೆ ತಂಡದ ಕಬ್ಬಿಣದ ಕ್ಯಾಟಲಿಸ್ಟ್ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಶುರುವಿನ ಚುರುಕಿನಲ್ಲಿ ಅದು ಪ್ಲಾಟಿನಂ ಹತ್ತಿರಕ್ಕೆ ಬಂದಿತ್ತು. ಆದ್ರೆ ಮೊದಲ ನೂರು ಗಂಟೆಯೊಳಗೇ ಶಕ್ತಿ ಇಳೀತು. 2011ರಲ್ಲಿ ಅಮೆರಿಕದ ಲಾಸ್ ಅಲಮೋಸ್‌ನ ಪಿಯೋಟರ್ ಜೆಲೆನಾಯ್ ತಂಡ ಪಾಲಿಅನಿಲೀನ್, ಕಬ್ಬಿಣ, ಕೋಬಾಲ್ಟ್ ಸೇರಿಸಿ ಕಾಯಿಸಿದ ಕ್ಯಾಟಲಿಸ್ಟ್ 0.4 ವೋಲ್ಟ್‌ನಲ್ಲಿ 700 ಗಂಟೆ ಬಾಳಿತು. ದೊಡ್ಡ ಸುದ್ದಿ.

ಇಲ್ಲಿ ಸ್ವಲ್ಪ ನಿಲ್ಲೋಣ. 700 ಗಂಟೆ ಅಂದ್ರೆ ಎಷ್ಟು? ಬಿಡದೆ ಓಡಿಸಿದ್ರೆ 29 ದಿನ. ಕರೆಂಟ್ ಹೋದಾಗ ಅಂತ ದಿನಕ್ಕೆ 3 ಗಂಟೆ ಬಳಸಿದ್ರೂ ಎಂಟು ತಿಂಗಳು ತುಂಬಲ್ಲ. ಕಾರಿನ ಸೆಲ್‌ಗೆ ಸಂಶೋಧಕರು ಇಟ್ಟುಕೊಂಡ ಗುರಿ 5000 ಗಂಟೆಗೂ ಮೇಲೆ. ಅದೂ ಹೆಚ್ಚಿನ ವೋಲ್ಟ್‌ನಲ್ಲಿ, ಶುದ್ಧ ಆಮ್ಲಜನಕದಲ್ಲಲ್ಲ, ಗಾಳಿಯಲ್ಲಿ.

ಕಬ್ಬಿಣ ಯಾಕೆ ಬೇಗ ಸೋಲುತ್ತೆ? ಒಮ್ಮೊಮ್ಮೆ ಅದು ಕೆಲಸ ಅರ್ಧಕ್ಕೆ ಬಿಡುತ್ತೆ. ಆಮ್ಲಜನಕಕ್ಕೆ ನಾಲ್ಕರ ಬದಲು ಎರಡೇ ಎಲೆಕ್ಟ್ರಾನ್ ಕೊಟ್ಟರೆ ನೀರಾಗಲ್ಲ, ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತೆ. ಕೂದಲ ಬಣ್ಣ ಬಿಡಿಸೋಕೆ, ಗಾಯ ತೊಳೆಯೋಕೆ ಬಳಸ್ತಾರಲ್ಲ, ಅದೇ. ಪೆರಾಕ್ಸೈಡ್ ಮತ್ತು ಬಿಡಿ ಕಬ್ಬಿಣ ಸೇರಿದ್ರೆ ಉಗ್ರ ಕಣಗಳು ಹುಟ್ಟಿ ಇಂಗಾಲವನ್ನೂ ಪೊರೆಯನ್ನೂ ತಿನ್ನುತ್ತವೆ. ನಾಲ್ಕು ಕೈ ಸಡಿಲಾಗಿ ಕಬ್ಬಿಣ ಜಾರಿ ಹೋಗುತ್ತೆ.

ಹಾಗಾದ್ರೆ ತೊಗರಿ ಬೇರಿನಲ್ಲಿ, ನಮ್ಮ ಮೈಯಲ್ಲಿ ಅದೇ ಕಬ್ಬಿಣ ಹೇಗೆ ಬಾಳುತ್ತೆ? ಅಲ್ಲೂ ಅದು ಸದಾ ಬಾಳಲ್ಲ. ಸವೆದದ್ದನ್ನ ಜೀವ ಒಡೆದು ಹೊಸದು ಕಟ್ಟುತ್ತಾ ಇರುತ್ತೆ. ನಮ್ಮಲ್ಲಿ ಕುಂಟೆಯ ಕುಡ ಸವೆದ್ರೆ ಕಂಬಾರನ ಕುಲುಮೆಗೆ ಒಯ್ದು ಹರಿತ ಮಾಡಿಸ್ಕೊಂಡು ಬರ್ತೀವಿ, ಮುಂದಿನ ಹಂಗಾಮಿಗೆ ಅದು ಮತ್ತೆ ಸಜ್ಜು. ಕುಡದ ಜೊತೆಗೆ ಕಂಬಾರನೂ ಇರೋದರಿಂದ ಅದು ಅಗ್ಗ. ಬೀಗ ಹಾಕಿದ ಪೆಟ್ಟಿಗೆಯಂಥ ಫ್ಯುಯೆಲ್ ಸೆಲ್ ಒಳಗೆ ಕಂಬಾರ ಇಲ್ಲ. ಪ್ಲಾಟಿನಂಗೆ ನಾವು ಕೊಡೋ ದುಡ್ಡು ಅದರ ಚುರುಕಿಗಷ್ಟೇ ಅಲ್ಲ, ಕಂಬಾರ ಇಲ್ಲದೆ ವರ್ಷಗಟ್ಟಲೆ ಬಾಳೋ ಗುಣಕ್ಕೂ ಹೌದು. ಅರವತ್ತು ವರ್ಷದ ಚರಿತ್ರೆ ನನಗೆ ಕಲಿಸಿದ್ದು ಇದನ್ನೇ. ಕಬ್ಬಿಣದಿಂದ ಆಗುತ್ತಾ ಅನ್ನೋ ಪ್ರಶ್ನೆಗೆ ಉತ್ತರ ಸಿಕ್ಕು ಬಹಳ ದಿನ ಆಯ್ತು. ಎಷ್ಟು ದಿನ ಅನ್ನೋದೇ ಈಗಿನ ಪ್ರಶ್ನೆ.

ಈ ಮಾತು ಕರಜಗಿಗೆ ಯಾಕೆ ಬೇಕು ಅಂತೀರಾ? 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ದಾಸಪ್ಪ ಅವರ ತಂಡ ಜೀವರಾಶಿಯಿಂದ, ಅಂದ್ರೆ ಕಟ್ಟಿಗೆ, ಬೆಳೆ ಉಳಿಕೆಯಂಥವುಗಳಿಂದ, ಹೈಡ್ರೋಜನ್ ತೆಗೆಯುವ ವಿಧಾನ ಪ್ರಕಟಿಸಿತು. 1 ಕೆಜಿ ಜೀವರಾಶಿಗೆ 100 ಗ್ರಾಂ ಹೈಡ್ರೋಜನ್. ನಮ್ಮದು ತೊಗರಿ ಕಣಜ. ರಾಶಿ ಮುಗಿದ ಮೇಲೆ ಉಳಿಯೋ ತೊಗರಿ ಕಟ್ಟಿಗೆ ಒಲೆಗೆ ಹೋಗುತ್ತೆ, ಇಲ್ಲಾ ಹೊಲದಲ್ಲೇ ಬೂದಿ ಆಗುತ್ತೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂಪಾಯಿಯ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ. ಮುಂದೊಂದು ದಿನ ಹೈಡ್ರೋಜನ್ ಇಲ್ಲೇ ಸಿಗಬಹುದು. ಆದ್ರೆ ಅದನ್ನ ಕರೆಂಟ್ ಮಾಡುವ ಪೆಟ್ಟಿಗೆಯೊಳಗಿನ ಲೋಹ ಹೊರದೇಶದಿಂದ ಬರೋದಾದ್ರೆ, ಬೀಗದ ಕೈ ನಮ್ಮ ಹತ್ತಿರ ಇರಲ್ಲ.

ಹಾಗಂತ ಅಗ್ಗದ್ದು ಅಂತ ಕಣ್ಮುಚ್ಚಿ ತಗೊಳ್ಳೋದೂ ಬೇಡ. ನಮ್ಮ ಮನೆಯಲ್ಲಿ ಕಡಿಮೆ ರೇಟಿಗೆ ಸಿಕ್ತು ಅಂತ ಒಂದು ಇನ್ವರ್ಟರ್ ಬ್ಯಾಟರಿ ತಂದಿದ್ವಿ. ಎರಡನೇ ಬೇಸಿಗೆಗೆ ಕೈಕೊಡ್ತು. ಅವ್ವ ಅಂದಿದ್ದು ಇಷ್ಟೇ: "ಎರಡ ಸಲ ಕೊಂಡದ್ದು ಅಗ್ಗ ಹ್ಯಾಂಗಾದೀತೋ?" ಬಡವರ ಮನೆಗೆ ಬರೋ ತಂತ್ರಜ್ಞಾನದ ದೊಡ್ಡ ಅಪಾಯ ಇದೇ. ಬೆಲೆಯ ಚೀಟಿ ಸಣ್ಣದಿರುತ್ತೆ, ಆಯುಷ್ಯವೂ ಸಣ್ಣದಿರುತ್ತೆ.

ಆಸೆ ಇಲ್ಲ ಅಂತಲ್ಲ. 2017ರಲ್ಲಿ ಕೆನಡಾದ ಬಲ್ಲಾರ್ಡ್ ಕಂಪನಿ ಜಪಾನಿನ ನಿಶಿನ್ಬೊ ಜೊತೆ ಸೇರಿ, ಪ್ಲಾಟಿನಂ ಅಲ್ಲದ ಕ್ಯಾಟಲಿಸ್ಟ್ ಬಳಸಿದ 30 ವ್ಯಾಟ್‌ನ ಸಣ್ಣ ಸೆಲ್ಲನ್ನ ಮಾರುಕಟ್ಟೆಗೆ ತರೋದಾಗಿ ಘೋಷಿಸಿತು. ಬಸ್ ಓಡಿಸೋಕಾಗಲ್ಲ, ನಿಮ್ಮ ಫೋನು ಚಾರ್ಜ್ ಮಾಡಬಹುದು. ಇನ್ನೊಂದು ಕಡೆ ಬೇಕನ್‌ನ ಹಳೇ ಕ್ಷಾರದ ದಾರಿ ಹೊಸ ರೂಪದಲ್ಲಿ ಮರಳಿದೆ. ದ್ರವದ ಬದಲು ಕ್ಷಾರ ಗುಣದ ಪೊರೆ ಬಳಸಿ, ಕಬ್ಬಿಣ, ಕೋಬಾಲ್ಟ್, ನಿಕಲ್‌ಗೆ ಮತ್ತೆ ಜಾಗ ಮಾಡಿಕೊಡುವ ಕೆಲಸ ಜಗತ್ತಿನಾದ್ಯಂತ ನಡೀತಿದೆ.

ಅದಕ್ಕೇ ಕೇಳ್ತಾ ಇರೋ ನಿಮಗೆ ಒಂದು ಮಾತು. ನಾಳೆ ನಿಮ್ಮ ಫೋನಿಗೆ ಒಂದು ಸುದ್ದಿ ಬರುತ್ತೆ: "ಪ್ಲಾಟಿನಂಗೆ ಅಗ್ಗದ ಪರ್ಯಾಯ ಸಿಕ್ಕೇಬಿಡ್ತು!" ಫಾರ್ವರ್ಡ್ ಮಾಡೋ ಮೊದಲು ಮೂರು ಪ್ರಶ್ನೆ ಕೇಳಿ. ಎಷ್ಟು ಗಂಟೆ ಬಾಳಿತು? ಎಷ್ಟು ವೋಲ್ಟ್‌ನಲ್ಲಿ? ಗಾಳಿಯಲ್ಲೋ, ಶುದ್ಧ ಆಮ್ಲಜನಕದಲ್ಲೋ? ನಿಮ್ಮಲ್ಲಿ ಯಾರಾದ್ರೂ ರಸಾಯನಶಾಸ್ತ್ರ ಓದ್ತಾ ಇದ್ರೆ, ಆ ಮೂರು ಪ್ರಶ್ನೆಗೆ ಉತ್ತರ ಹುಡುಕೋ ಕೆಲಸ ಇನ್ನೂ ಖಾಲಿ ಇದೆ.

ಈ ಸಲ ಶ್ರಾವಣದಲ್ಲಿ ಊರಿಗೆ ಹೋದ್ರೆ ಒಂದು ತೊಗರಿ ಗಿಡ ಕಿತ್ತು ಬೇರಿನ ಗಂಟು ಸೀಳಿ ನೋಡಿ. ಒಂದೇ ಗಿಡ ಸಾಕು, ಹೊಲದವರು ಬೈತಾರೆ. ಮುಂದಿನ ವಾರ ಸಿಗೋಣ. ನಮಸ್ಕಾರ.